ಶಿವಮೊಗ್ಗದಲ್ಲೊಂದು ಡಿಶ್, ಸಾಗರದಲ್ಲೊಂದು ಡಿಶ್, ನಡುವೆ ಮನೆ ಫೈಬರ್: ಇ-ವಿಎಲ್‌ಬಿಐ ಆಗ್ತದಾ?

ತುಂಗಾತೀರ | ಶನಿವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಕಾಲೇಜು ಹುಡುಗರ ಖಗೋಳ ಸಂಘಕ್ಕೆ ಒಂದು ಯೋಜನೆ ತಯಾರಾಗ್ತಾ ಇದೆ. ಶಿವಮೊಗ್ಗದಲ್ಲಿ ಒಂದು, ಸಾಗರದಲ್ಲಿ ಒಂದು 3 ಮೀಟರ್ ಜಾಲರಿ ಡಿಶ್. ಎರಡೂ 1420 ಮೆಗಾಹರ್ಟ್ಸ್‌ಗೆ, ಅಂದ್ರೆ ಜಲಜನಕದ 21 ಸೆಂ.ಮೀ. ಗೆರೆಗೆ. ಎರಡೂ ಕಡೆಯ ಸಂಕೇತವನ್ನು ಮನೆ ಫೈಬರ್ ಇಂಟರ್‌ನೆಟ್ಟಿನಲ್ಲೇ ಒಂದು ಕಂಪ್ಯೂಟರಿಗೆ ತಂದು ಅಲ್ಲಿಂದಲ್ಲಿಗೇ ತಾಳೆ ಹಾಕಬೇಕು ಅಂತ ಆಸೆ. ದೂರದೂರದ ಡಿಶ್‌ಗಳನ್ನು ಸೇರಿಸಿ ಒಂದೇ ದೊಡ್ಡ ದೂರದರ್ಶಕದಂತೆ ಬಳಸೋದು ವಿಎಲ್‌ಬಿಐ, ಅದನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ಮಾಡಿದ್ರೆ ಇ-ವಿಎಲ್‌ಬಿಐ. ಯುರೋಪಿನಲ್ಲಿ 2006ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಯೋಜನೆ ಮಾಡಿದ್ದೂ ಇದನ್ನೇ ಅಲ್ವಾ, ದೊಡ್ಡ ಪ್ರಮಾಣದಲ್ಲಿ.

ಕೇಳ್ಬೇಕಾದ್ದು ಮೂರು. 100 ಎಂಬಿಪಿಎಸ್ ಮನೆ ಸಂಪರ್ಕ ಸಾಕಾ? ನೇರವಾಗಿ ಕಳಿಸೋದು ಒಳ್ಳೇದಾ, ಡಿಸ್ಕಿನಲ್ಲಿ ತುಂಬಿ ಒಯ್ಯೋದಾ? ಎರಡು ಊರಿನ ಗಡಿಯಾರ ಒಂದೇ ಲಯದಲ್ಲಿ ಓಡೋದಕ್ಕೆ ಎಂತ ಬೇಕು? ಮೊದಲು ಸೂರ್ಯನನ್ನು ನೋಡಿ, ಆಮೇಲೆ ಆಕಾಶಗಂಗೆಯ ಜಲಜನಕ ನೋಡುವ ಅಂತ ಹುಡುಗರ ಲೆಕ್ಕ.

ಕೊಡಚಾದ್ರಿ_ನೆತ್ತಿ | 8:05

ಸೂರ್ಯ ಕಾಣೋದಿಲ್ಲ. ಜಲಜನಕವೂ ಕಾಣೋದಿಲ್ಲ. ಫೈಬರ್, ಗಡಿಯಾರ ಎಲ್ಲ ಸರಿ ಇದ್ರೂ ಕಾಣೋದಿಲ್ಲ.

ತುಂಗಾತೀರ | 8:09

ಹಾಗಂದ್ರೆ ಹೇಗೆ ಸರ್? ಸೂರ್ಯ ಲಕ್ಷಗಟ್ಟಲೆ ಜಾನ್ಸ್ಕಿ (ರೇಡಿಯೋ ಪ್ರಖರತೆಯ ಅಳತೆ) ಇರ್ತಾನಲ್ಲ?

ಕೊಡಚಾದ್ರಿ_ನೆತ್ತಿ | 8:31

ಶಿವಮೊಗ್ಗ–ಸಾಗರ ನೇರ ದೂರ ಹೆಚ್ಚುಕಡಿಮೆ 64 ಕಿ.ಮೀ. ತರಂಗ 21 ಸೆಂ.ಮೀ. ಭಾಗಿಸಿದ್ರೆ ಒಂದು ಫ್ರಿಂಜ್ ಪಟ್ಟೆ (ಎರಡು ಡಿಶ್ಶಿನ ಸಂಕೇತ ಸೇರಿದಾಗ ಮೂಡುವ ಏರಿಳಿತದ ಪಟ್ಟೆ) ಆಕಾಶದಲ್ಲಿ 0.7 ಆರ್ಕ್‌ಸೆಕೆಂಡ್ ಅಗಲ. ಸೂರ್ಯನ ಅಗಲ ಅರ್ಧ ಡಿಗ್ರಿ, ಅಂದ್ರೆ 1,800 ಆರ್ಕ್‌ಸೆಕೆಂಡಿಗೂ ಮೇಲೆ. ಸೂರ್ಯನ ಮೈಮೇಲೆ ಎರಡೂವರೆ ಸಾವಿರ ಪಟ್ಟೆ ಕೂತಂಗಾಯ್ತು. ಒಂದು ಪಟ್ಟೆ ಕೂಡಿಸಿದ್ದನ್ನು ಪಕ್ಕದ್ದು ಕಳೀತದೆ, ಕೊನೆಗೆ ಕೈಗೆ ಸಿಗೋದು ಸೊನ್ನೆ. ಸೂರ್ಯ ಎಷ್ಟು ಪ್ರಖರ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ, ಎಷ್ಟು ಸಣ್ಣ ಅನ್ನೋದಷ್ಟೇ ಬರ್ತದೆ. 1420ರಲ್ಲಿ ಎರಡು ಡಿಶ್ ಸುಮಾರು 27 ಮೀಟರ್ ದೂರ ಆಗುವಷ್ಟರಲ್ಲಿ ಸೂರ್ಯನ ಫ್ರಿಂಜ್ ಅಳಿಸಿಹೋಗ್ತದೆ. ಜಲಜನಕದ ಮೋಡಗಳು ಡಿಗ್ರಿಗಟ್ಟಲೆ ಹರಡಿಕೊಂಡಿವೆ, ಅವು ಇನ್ನೂ ಬೇಗ. ಕ್ಯಾಸಿಯೋಪಿಯಾ ಎ (ಸಿಡಿದ ನಕ್ಷತ್ರದ ಅವಶೇಷ) 5 ಆರ್ಕ್‌ಮಿನಿಟ್ ಅಗಲ ಇರೋದ್ರಿಂದ 150 ಮೀಟರ್ ತನಕ ಸಿಕ್ಕೀತು.

ಹಾಗಾಗಿ 64 ಕಿ.ಮೀ.ಗೆ ಬೇಕಾದ್ದು ಚುಕ್ಕೆಯಂಥ ಮೂಲ. ಕ್ವೇಸಾರ್, ಅಂದ್ರೆ ಬಹುದೂರದ ಗ್ಯಾಲಕ್ಸಿಯ ಪ್ರಖರ ನಡುಭಾಗ. 3ಸಿ 273 ಅಂತ ಇದೆ, ಈ ಆವರ್ತನದಲ್ಲಿ ಒಟ್ಟು 50 ಜಾನ್ಸ್ಕಿ ಆಸುಪಾಸು. ಅದರಲ್ಲೂ ಒಂದು ಪಾಲು ಮಾತ್ರ ನಿಜವಾದ ಚುಕ್ಕೆ, ಉಳಿದದ್ದು ಉದ್ದದ ಚಿಲುಮೆ. 30 ಅಂತ ಹಿಡೀರಿ.

ಈಗ ನಿಮ್ಮ ಡಿಶ್. 3 ಮೀಟರ್, ದಕ್ಷತೆ ಅರ್ಧ, ಒಟ್ಟು ಗದ್ದಲ 120 ಕೆಲ್ವಿನ್ ಅಂದುಕೊಂಡ್ರೆ ಡಿಶ್ಶಿನ ಸ್ವಂತ ಗದ್ದಲವೇ 95,000 ಜಾನ್ಸ್ಕಿಗೆ ಸಮ. ಸಾಮಾನ್ಯ ಆರ್‌ಟಿಎಲ್-ಎಸ್‌ಡಿಆರ್‌ನ (ಕಂಪ್ಯೂಟರಿಗೆ ಚುಚ್ಚುವ ಅಗ್ಗದ ರೇಡಿಯೋ ರಿಸೀವರ್) 2.4 ಮೆಗಾಹರ್ಟ್ಸ್ ಅಗಲದಲ್ಲಿ 10 ಸೆಕೆಂಡ್ ಕೂಡಿಸಿದ್ರೂ ಉಳಿಯುವ ಗದ್ದಲ 15 ಜಾನ್ಸ್ಕಿ ಮೇಲೆ. 30ರ ಎದುರು 15. ಅದನ್ನು ಫ್ರಿಂಜ್ ಅಂತ ಯಾರೂ ಒಪ್ಪೋದಿಲ್ಲ, ಕಡಿಮೆ ಅಂದ್ರೂ ಆರೇಳು ಪಟ್ಟು ಬೇಕು. 20 ಮೆಗಾಹರ್ಟ್ಸ್ ಅಗಲ ಹಿಡಿದ್ರೆ ಗದ್ದಲ 5.4ಕ್ಕೆ ಇಳೀತದೆ. 30 ಸೆಕೆಂಡ್ ಕೂಡಿಸೋಕಾದ್ರೆ 3ರ ಹತ್ತಿರ. ಅಲ್ಲಿಗೆ ಬಂತು ನೋಡಿ.

ನಿಮ್ಮ ಮೂರು ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅಗಲ ಹೆಚ್ಚಾದಷ್ಟೂ ಫೈಬರ್ ಬೇಕು, ಹೊತ್ತು ಹೆಚ್ಚಾದಷ್ಟೂ ಗಡಿಯಾರ ಬೇಕು. ಡಿಶ್ ಸಣ್ಣದಾದಷ್ಟೂ ಇವೆರಡರ ಮೇಲೆ ಹೊರೆ.

ಅಡಿಕೆ_ಕೊನೆ | 8:44

1.8 ಮೀಟರ್ ಹಳೇ ಟಿವಿ ಡಿಶ್ ಗುಜರಿಯಲ್ಲಿ ಸಿಗ್ತದಲ್ಲ, ಅದು ಆಗೋದಿಲ್ವಾ?

ಕೊಡಚಾದ್ರಿ_ನೆತ್ತಿ | 8:47

ವಿಸ್ತೀರ್ಣ ಸುಮಾರು ಮೂರನೇ ಒಂದು ಭಾಗ ಆಗ್ತದೆ, ಗದ್ದಲ ಅಷ್ಟೇ ಪಟ್ಟು ಏರ್ತದೆ. ಕ್ವೇಸಾರ್‌ಗೆ ಆಗೋದಿಲ್ಲ. ಮೈದಾನದಲ್ಲಿ 10 ಮೀಟರ್ ದೂರಕ್ಕೆ ಎರಡು ಇಟ್ಟು ಸೂರ್ಯನ ಫ್ರಿಂಜ್ ಕಲಿಯೋದಕ್ಕೆ ಹೇಳಿ ಮಾಡಿಸಿದ್ದು.

ಫೈಬರ್_ಮೇಷ್ಟ್ರು | 9:20

ಲೈನಿನ ಲೆಕ್ಕ ಹೇಳ್ತೇನೆ.

20 ಮೆಗಾಹರ್ಟ್ಸ್‌ಗೆ ಹ್ಯಾಕ್‌ಆರ್‌ಎಫ್ ಥರದ ರಿಸೀವರ್ ಸೆಕೆಂಡಿಗೆ 2 ಕೋಟಿ ಜೋಡಿ ಮಾದರಿ (ಸ್ಯಾಂಪಲ್) ಕೊಡ್ತದೆ, ಒಂದೊಂದು 8 ಬಿಟ್. ಸೆಕೆಂಡಿಗೆ 40 ಮೆಗಾಬೈಟ್, ಅಂದ್ರೆ 320 ಎಂಬಿಪಿಎಸ್. ಹಾಗೇ ಕಳಿಸೋದು ದಂಡ. 2 ಬಿಟ್‌ಗೆ ಇಳಿಸಿ. ಗದ್ದಲದಂಥ ಸಂಕೇತಕ್ಕೆ 2 ಬಿಟ್‌ನಲ್ಲೇ 88% ಸೂಕ್ಷ್ಮತೆ ಉಳೀತದೆ, 1 ಬಿಟ್‌ಗೆ ಇಳಿಸಿದ್ರೂ 64% ಇರ್ತದೆ. ವಿಎಲ್‌ಬಿಐ ಮಾಡುವವರು ಬಹಳ ಕಾಲದಿಂದ 2 ಬಿಟ್‌ನಲ್ಲೇ ಇದ್ದಾರೆ. ಇಳಿಸಿದ ಮೇಲೆ 80 ಎಂಬಿಪಿಎಸ್, ಗಂಟೆಗೆ 36 ಜಿಬಿ.

100 ಎಂಬಿಪಿಎಸ್ ಪ್ಲ್ಯಾನ್‌ನಲ್ಲಿ 80 ಹೋಗ್ತದಾ? ಕಾಗದದ ಮೇಲೆ ಹೋಗ್ತದೆ. ಮನೆ ಫೈಬರ್ ಅಂದ್ರೆ ಜಿಪಾನ್: ಮೇಲಕ್ಕೆ ಹೋಗುವ 1.244 ಗಿಗಾಬಿಟ್ಟನ್ನು 32 ಅಥವಾ 64 ಮನೆ ಹಂಚಿಕೊಳ್ತವೆ. ಸಂಜೆ ಏಳರಿಂದ ಹತ್ತರವರೆಗೆ ಕೈಕೊಡ್ತದೆ, ರಾತ್ರಿ 12ರ ಮೇಲೆ ಸಲೀಸು. ಪ್ಲ್ಯಾನ್ ತಗೊಳ್ಳುವಾಗ ಅಪ್‌ಲೋಡ್ ವೇಗವನ್ನೇ ಬೇರೆಯಾಗಿ ಕೇಳಿ. ತಿಂಗಳ ಮಿತಿಯನ್ನೂ ಕೇಳಿ, ಗಂಟೆಗೆ 36 ಜಿಬಿ ಅಂದ್ರೆ ಮಿತಿ ಬೇಗ ಮುಗೀತದೆ.

ಇನ್ನೊಂದು ಕಡೆ ಎಲ್ಲರೂ ಎಡವ್ತಾರೆ. ಮನೆ ಸಂಪರ್ಕದಲ್ಲಿ ನಿಮ್ಮದೇ ಆದ ಐಪಿವಿ4 ವಿಳಾಸ ಇರೋದಿಲ್ಲ, ನೂರಾರು ಮನೆಗೆ ಒಂದೇ ವಿಳಾಸ. ಸಾಗರದ ಕಂಪ್ಯೂಟರು ಶಿವಮೊಗ್ಗದ ಕಂಪ್ಯೂಟರನ್ನು ಕರೆದ್ರೆ ಬಾಗಿಲೇ ಸಿಗೋದಿಲ್ಲ. ಎರಡೂ ಕಡೆ ಐಪಿವಿ6 ಇದ್ರೆ ಅದ್ರಲ್ಲಿ ಹೋಗಿ. ಇಲ್ಲದಿದ್ರೆ ಬಾಡಿಗೆ ಸರ್ವರ್ ಒಂದನ್ನು ನಡುವೆ ಇಟ್ಟು ವೈರ್‌ಗಾರ್ಡ್ ಸುರಂಗ (ವಿಪಿಎನ್) ಹಾಕಿ. ಸುರಂಗ ಹಾಕಿದ್ರೆ ಪ್ಯಾಕೆಟ್ ಗಾತ್ರ 1,400 ಬೈಟ್‌ನೊಳಗೆ ಇಟ್ಟುಕೊಳ್ಳಿ. 1,500 ಇಟ್ರೆ ದಾರಿಯಲ್ಲಿ ತುಂಡಾಗ್ತವೆ, ಅರ್ಧ ಕಳೆದುಹೋಗ್ತವೆ.

ಜೋಗದ_ಸಿರಿ | 9:41

ಇಷ್ಟೆಲ್ಲ ಯಾಕೆ ಮಾರಾಯ್ರೇ? 4 ಟಿಬಿ ಡಿಸ್ಕ್ ತುಂಬಿ ಸಾಗರದಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕಿದ್ರೆ ಎರಡು ಗಂಟೆಯಲ್ಲಿ ಶಿವಮೊಗ್ಗ. ಲೆಕ್ಕ ಹಾಕಿ ನೋಡಿ, ಸೆಕೆಂಡಿಗೆ 4.4 ಗಿಗಾಬಿಟ್ ಬೀಳ್ತದೆ. ಯಾವ ಮನೆ ಫೈಬರ್ ಅಷ್ಟು ಕೊಡ್ತದೆ? ಕಪ್ಪುಕುಳಿಯ ಚಿತ್ರ ತೆಗೆದವರೂ ಡಿಸ್ಕನ್ನೇ ವಿಮಾನದಲ್ಲಿ ಹಾಕಿದ್ದು. 2017ರ ಏಪ್ರಿಲ್‌ನಲ್ಲಿ ನೋಡಿದ್ದು, ಒಂದೊಂದು ಕೇಂದ್ರ ಸೆಕೆಂಡಿಗೆ 32 ಗಿಗಾಬಿಟ್ ಬರ್ಕೊಂಡಿತ್ತು. ಅದನ್ನು ಯಾವ ತಂತಿಯಲ್ಲಿ ಕಳಿಸೋದು?

ಫೈಬರ್_ಮೇಷ್ಟ್ರು | 9:52

ಅದೇ ಉದಾಹರಣೆಯ ಇನ್ನೊಂದು ಮುಖ ಹೇಳಿ. ದಕ್ಷಿಣ ಧ್ರುವದ ಡಿಸ್ಕುಗಳು ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವವರೆಗೆ, ಅಂದ್ರೆ ಆ ವರ್ಷದ ಕೊನೆವರೆಗೆ ಕಾಯ್ಬೇಕಾಯ್ತು. ಚಿತ್ರ ಹೊರಬಂದದ್ದು 2019ರ ಏಪ್ರಿಲ್ 10ಕ್ಕೆ.

ಮಂಡಗದ್ದೆ_ಹಕ್ಕಿ | 10:15

ಜೋಗದ ಸಿರಿ ಅವರೇ, ಡಿಸ್ಕಿನ ದೊಡ್ಡ ತೊಂದರೆ ವೇಗ ಅಲ್ಲ, ತಪ್ಪು ತಡವಾಗಿ ಗೊತ್ತಾಗೋದು. ರಾತ್ರಿಯಿಡೀ ರೆಕಾರ್ಡ್ ಮಾಡ್ತೀರಿ. ಸಾಗರದ ಕಡೆ ಆವರ್ತನ ಒಂದು ಮೆಗಾಹರ್ಟ್ಸ್ ಆಚೆ ಇಟ್ಟಿದ್ರು ಅಂತಲೋ, ಫೀಡ್‌ನ (ಡಿಶ್ಶಿನ ಮುಂದಿರುವ ಆಂಟೆನಾ) ಧ್ರುವೀಕರಣ ಅಡ್ಡ ಇತ್ತು ಅಂತಲೋ ಎರಡು ದಿನ ಬಿಟ್ಟು ಗೊತ್ತಾಗ್ತದೆ. ಅಷ್ಟೂ ದತ್ತಾಂಶ ನೀರುಪಾಲು. ನೇರ ಜೋಡಣೆ ಇದ್ರೆ ಮೊದಲ ಐದು ನಿಮಿಷದಲ್ಲೇ ಫ್ರಿಂಜ್ ಬಂತಾ ಇಲ್ವಾ ಗೊತ್ತು. ಯುರೋಪಿನ ವಿಎಲ್‌ಬಿಐ ಜಾಲದಲ್ಲಿ ಇ-ವಿಎಲ್‌ಬಿಐಯ ಮೊದಲ ಲಾಭ ಇದೇ ಆಗಿತ್ತು: ಯಾವ ಕೇಂದ್ರ ಹಾದಿ ತಪ್ಪಿದೆ ಅಂತ ಆಗಿಂದಾಗ್ಗೆ ಕಂಡು ಫೋನ್ ಮಾಡಿ ಸರಿಪಡಿಸೋದು.

ಎರಡನೇ ಲಾಭ, ಆಕಾಶ ಕಾಯೋದಿಲ್ಲ. ಸಿಗ್ನಸ್ ಎಕ್ಸ್-3 ಅನ್ನುವ ಜೋಡಿ ತಾರೆ ಇದ್ದಕ್ಕಿದ್ದಂತೆ ಭುಗಿಲೇಳ್ತದೆ. 2006ರಲ್ಲಿ ಯುರೋಪಿನವರು ಅದನ್ನು ಇ-ವಿಎಲ್‌ಬಿಐಯಲ್ಲಿ ಹಿಡಿದ್ರು. ನಾಳೆ ಮತ್ತೆ ನೋಡ್ಬೇಕಾ ಬೇಡ್ವಾ ಅನ್ನೋದು ಇವತ್ತಿನ ಫಲಿತಾಂಶ ನೋಡಿ ತೀರ್ಮಾನ ಆಗ್ಬೇಕು. ಡಿಸ್ಕ್ ಅಂಚೆಯಲ್ಲಿದ್ರೆ ಹೇಗೆ ತೀರ್ಮಾನಿಸ್ತೀರಿ?

ಜೋಗದ_ಸಿರಿ | 10:21

ಐದು ನಿಮಿಷದ ತುಣುಕನ್ನು ಇಂಟರ್‌ನೆಟ್‌ನಲ್ಲಿ ಕಳಿಸಿ ನೋಡಿ, ಉಳಿದದ್ದನ್ನು ಡಿಸ್ಕಿನಲ್ಲಿ ತನ್ನಿ. ಎರಡೂ ಆಯ್ತಲ್ಲ.

ಮಂಡಗದ್ದೆ_ಹಕ್ಕಿ | 10:26

ಅದು ಒಪ್ಪುವ ಮಾತು. ನಿಜವಾದ ಜಾಲಗಳಲ್ಲೂ ಹೀಗೆ ತುಣುಕು ತರಿಸಿ ಫ್ರಿಂಜ್ ಪರೀಕ್ಷೆ ಮಾಡುವ ಪದ್ಧತಿ ಇದೆ.

ಸಕ್ರೆಬೈಲು_ದಾರಿ | 10:58

ಎಕ್ಸ್‌ಪ್ರೆಸ್ ವಿಷಯ ಬಂದದ್ದಕ್ಕೆ ಹೇಳ್ತೇನೆ. ಐರೋಪ್ಯ ಆಯೋಗ ಕೊಟ್ಟದ್ದು 39 ಲಕ್ಷ ಯೂರೋ, ಮೂರು ವರ್ಷಕ್ಕೆ, 2006ರ ಮಾರ್ಚ್‌ನಿಂದ. ಗುರಿ: 16 ದೂರದರ್ಶಕಗಳ ತನಕ ನೆದರ್ಲೆಂಡ್ಸ್‌ನ ಡ್ವಿಂಗೆಲೂನಲ್ಲಿರುವ ಜೈವ್ ಸಂಸ್ಥೆಯ ಕೊರಿಲೇಟರಿಗೆ, ಅಂದ್ರೆ ತಾಳೆ ಹಾಕುವ ಯಂತ್ರಕ್ಕೆ, ಜೋಡಿಸೋದು, ಒಂದೊಂದರಿಂದ 1 ಗಿಗಾಬಿಟ್. ಈ ದುಡ್ಡಿನಲ್ಲಿ ಹೊಸ ದೂರದರ್ಶಕ ಕಟ್ಟಲಿಲ್ಲ. ದೂರದರ್ಶಕ ಮೊದಲೇ ಇತ್ತು, ದೇಶ ದೇಶಗಳ ನಡುವೆ ಜಿಯಾಂಟ್ ಬೆನ್ನೆಲುಬು ಜಾಲವೂ ಇತ್ತು. ಇಲ್ಲದ್ದು ನಡುವಿನ ತುಂಡು, ಕೊನೆಯ ಕೆಲವು ಕಿಲೋಮೀಟರ್. ದೂರದರ್ಶಕವನ್ನು ಗದ್ದಲ ಇಲ್ಲದ ಕಣಿವೆಯಲ್ಲೋ ಕಾಡಂಚಿನಲ್ಲೋ ಇಡ್ತಾರೆ. ಗದ್ದಲ ಇಲ್ಲದ ಕಡೆ ಜನ ಕಡಿಮೆ, ಜನ ಕಡಿಮೆ ಇರುವ ಕಡೆ ಯಾರೂ ಫೈಬರ್ ಎಳೆದಿರೋದಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ.

ಮಜಲುಗಳು ಹೀಗೆ: 2004ರ ಸೆಪ್ಟೆಂಬರ್‌ನಲ್ಲಿ ಪೋರ್ಟೊ ರಿಕೋದ ಅರೆಸಿಬೊ ಸೇರಿ ಬಂದಾಗ ವೇಗ ಬರೀ 32 ಎಂಬಿಪಿಎಸ್. ಇವತ್ತಿನ ಮನೆ ಸಂಪರ್ಕಕ್ಕಿಂತ ಕಡಿಮೆ! 2007ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್, ಮೋಪ್ರಾ ಮತ್ತು ನಾರಾಬ್ರೈ ಕಡೆಯ ದೂರದರ್ಶಕಗಳಿಂದ 512 ಎಂಬಿಪಿಎಸ್ ಡ್ವಿಂಗೆಲೂಗೆ ನೇರವಾಗಿ ಹರೀತು, ನೋಡಿದ್ದು 1987ಎ ಸೂಪರ್‌ನೋವಾವನ್ನು. ಆಮೇಲೆ ಪೂರ್ತಿ 1 ಗಿಗಾಬಿಟ್. 2010ರಲ್ಲಿ ಮುಂದುವರಿದ ಯೋಜನೆ ನೆಕ್ಸ್‌ಪ್ರೆಸ್, ಅದೂ ಐರೋಪ್ಯ ಆಯೋಗದ್ದೇ.

ಕೊಡಚಾದ್ರಿ_ನೆತ್ತಿ | 11:10

ಒಂದು ತಿದ್ದುಪಡಿ. ‘ಪೂರ್ತಿ 1 ಗಿಗಾಬಿಟ್’ ಅಂತ ಬರೆದಿದ್ದೀರಲ್ಲ, ಕಷ್ಟ ಇದ್ದದ್ದೇ ಅಲ್ಲಿ. ವಿಎಲ್‌ಬಿಐ ದರಗಳು ಎರಡರ ಘಾತದಲ್ಲಿ ಏರ್ತವೆ: 128, 256, 512, 1024. ಎರಡು ಧ್ರುವೀಕರಣ, ಒಂದೊಂದಕ್ಕೆ 128 ಮೆಗಾಹರ್ಟ್ಸ್, 2 ಬಿಟ್: 1024 ಎಂಬಿಪಿಎಸ್. ಗಿಗಾಬಿಟ್ ಈಥರ್‌ನೆಟ್ಟಿನಲ್ಲಿ ಹೋಗೋದು 1000, ಅದರಲ್ಲೂ ಪ್ಯಾಕೆಟ್ ತಲೆಬರಹದ ಪಾಲು ಬೇರೆ. 24 ಎಂಬಿಪಿಎಸ್ ಜಾಸ್ತಿ ಆಗಿ ಬಾಗಿಲಲ್ಲಿ ಸಿಕ್ಕಿಕೊಳ್ತು. ಪರಿಹಾರ: ಕಳಿಸುವ ಕಡೆಯೇ ಲೆಕ್ಕ ಹಾಕಿ ಕೆಲವು ಪ್ಯಾಕೆಟ್ಟನ್ನು ಬೇಕಂತಲೇ ಬಿಟ್ಟುಬಿಡೋದು.

ಅಡಿಕೆ_ಕೊನೆ | 11:13

ದತ್ತಾಂಶವನ್ನು ಬೇಕಂತಲೇ ಎಸೆಯೋದಾ? ಅದೆಂಥ ವಿಜ್ಞಾನ?

ಕೊಡಚಾದ್ರಿ_ನೆತ್ತಿ | 11:29

ಬರುವ ಸಂಕೇತ ಹೆಚ್ಚುಕಮ್ಮಿ ಬರೀ ಗದ್ದಲ. ನೂರರಲ್ಲಿ ಮೂರು ಪ್ಯಾಕೆಟ್ ಹೋದ್ರೆ ಸೂಕ್ಷ್ಮತೆ ಒಂದೂವರೆ ಶೇಕಡಾ ಕಡಿಮೆ ಆಗ್ತದೆ, ಅಷ್ಟೇ. ಯಾವ ಮಾಹಿತಿಯೂ ಆ ಪ್ಯಾಕೆಟ್ಟಿನಲ್ಲಿ ಒಂಟಿಯಾಗಿ ಕೂತಿರೋದಿಲ್ಲ.

ಆದ್ರೆ ಒಂದು ಷರತ್ತು ಮುರಿದ್ರೆ ಎಲ್ಲಾ ಹಾಳು. ಪ್ಯಾಕೆಟ್ ಹೋದ ಜಾಗ ಖಾಲಿಯಾಗೇ ಉಳೀಬೇಕು. ಹಿಂದಿನದ್ದು ಮುಂದೆ ಸರಿದು ಆ ಜಾಗ ತುಂಬಿದ್ರೆ ಅಲ್ಲಿಂದ ಮುಂದಿನ ಎಲ್ಲಾ ಮಾದರಿಗೂ ಸಮಯ ತಪ್ಪಿತು, ಫ್ರಿಂಜ್ ಮಾಯ. ಅದಕ್ಕೇ ವಿಡಿಫ್ ಅನ್ನುವ ದತ್ತಾಂಶ ನಮೂನೆಯಲ್ಲಿ ಪ್ರತಿ ಚೌಕಟ್ಟಿನ ತಲೆಯಲ್ಲೂ ಸೆಕೆಂಡ್ ಎಷ್ಟು, ಆ ಸೆಕೆಂಡಿನಲ್ಲಿ ಎಷ್ಟನೇ ಚೌಕಟ್ಟು ಅಂತ ಬರೆದಿರ್ತದೆ. ನಿಮ್ಮ ಹುಡುಗರು ಸ್ವಂತ ಪ್ರೋಗ್ರಾಂ ಬರೆದ್ರೂ ಈ ಎರಡು ಅಂಕಿ ಇಲ್ಲದೆ ಒಂದು ಪ್ಯಾಕೆಟ್ಟೂ ಹೊರಡಬಾರದು.

ಫೈಬರ್_ಮೇಷ್ಟ್ರು | 11:46

ಟಿಸಿಪಿ (ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ವಿಧಾನ) ಬೇಡ, ಯುಡಿಪಿ (ಕಳೆದದ್ದನ್ನು ಬಿಟ್ಟು ಮುಂದೆ ಹೋಗುವ ವಿಧಾನ) ಅನ್ನೋದೂ ಇದೇ ಕಾರಣಕ್ಕೆ. ಹೋಗಿಬರೋದಕ್ಕೆ 200 ಮಿಲಿಸೆಕೆಂಡ್ ಆಗುವ ಖಂಡಾಂತರ ದಾರಿ ಅಂದುಕೊಳ್ಳಿ. 1 ಗಿಗಾಬಿಟ್ ತುಂಬಿ ಹರೀಬೇಕಾದ್ರೆ ಯಾವಾಗಲೂ 25 ಮೆಗಾಬೈಟ್ ದಾರಿಯಲ್ಲೇ ಇರ್ಬೇಕು, ಅಂದ್ರೆ 17,000 ಪ್ಯಾಕೆಟ್. ಒಂದೇ ಒಂದು ಕಳೆದ್ರೂ ಹಳೆಯ ಟಿಸಿಪಿ ವೇಗವನ್ನು ಅರ್ಧಕ್ಕೆ ಇಳಿಸಿ, ಒಂದು ಸುತ್ತಿಗೆ ಒಂದು ಪ್ಯಾಕೆಟ್‌ನಂತೆ ಏರಿಸ್ತದೆ. ಮತ್ತೆ ಪೂರ್ತಿ ವೇಗಕ್ಕೆ ಬರೋದಕ್ಕೆ 28 ನಿಮಿಷ! ಅಷ್ಟರಲ್ಲಿ ಇನ್ನೊಂದು ಕಳೆದಿರ್ತದೆ. ಸಾಗರ–ಶಿವಮೊಗ್ಗದ ನಡುವೆ ಇಷ್ಟು ಕಷ್ಟ ಇಲ್ಲ, ಆದ್ರೂ ನೇರ ಹರಿವಿಗೆ ಯುಡಿಪಿಯೇ ಸರಿ. ಹಾಂ, ಎರಡೂ ಊರಿನ ಸಂಪರ್ಕ ಬೇರೆ ಬೇರೆ ಕಂಪನಿಯದ್ದಾದ್ರೆ ಪ್ಯಾಕೆಟ್ ಬೆಂಗಳೂರಿಗೋ ಚೆನ್ನೈಗೋ ಹೋಗಿ ವಾಪಸ್ ಬರ್ತದೆ. ಆದಷ್ಟು ಒಂದೇ ಕಂಪನಿಯದ್ದು ತಗೊಳ್ಳಿ.

ಆಗುಂಬೆ_ಜಡಿಮಳೆ | 12:20

ಗಡಿಯಾರದ ಪ್ರಶ್ನೆಗೆ ಯಾರೂ ಬರ್ಲಿಲ್ಲ. ನನ್ನ ಪ್ರಕಾರ ಅದೇ ಮುಖ್ಯ.

1420 ಮೆಗಾಹರ್ಟ್ಸ್‌ನಲ್ಲಿ ಒಂದು ರೇಡಿಯನ್ ಹಂತ (ಫೇಸ್) ಅಂದ್ರೆ 112 ಪಿಕೋಸೆಕೆಂಡ್. ಕೂಡಿಸುವಷ್ಟು ಹೊತ್ತು ಎರಡು ಗಡಿಯಾರ ಅದಕ್ಕಿಂತ ಕಡಿಮೆ ಜಾರಬೇಕು. ಆರ್‌ಟಿಎಲ್-ಎಸ್‌ಡಿಆರ್ ಒಳಗಿನ ಹರಳು ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದ್ರೂ ಹಂತ ಸೆಕೆಂಡಿಗೆ 1,420 ಸುತ್ತು ತಿರುಗ್ತದೆ. ಅದಕ್ಕೆ ಹೊರಗಿನ 10 ಮೆಗಾಹರ್ಟ್ಸ್ ಬೇಕು. ಅಗ್ಗದ ಆರ್‌ಟಿಎಲ್‌ಗೆ 28.8 ಮೆಗಾಹರ್ಟ್ಸ್ ಬೇಕಾದ್ದರಿಂದ ನೇರ ಕೊಡೋಕಾಗೋದಿಲ್ಲ, ಹ್ಯಾಕ್‌ಆರ್‌ಎಫ್‌ಗೆ 10 ನೇರ ಕೊಡಬಹುದು.

ಜಿಪಿಎಸ್‌ಗೆ ಕಟ್ಟಿದ ಒಲೆಹರಳು (ಬಿಸಿ ಒಂದೇ ಸಮ ಇಟ್ಟ ಹರಳಿನ ಗಡಿಯಾರ), ಅಂದ್ರೆ ಜಿಪಿಎಸ್‌ಡಿಒ, ಒಳ್ಳೆಯದಾದ್ರೆ 10 ಸೆಕೆಂಡ್ ಹಿಡೀತದೆ. ನೂರು ಸೆಕೆಂಡಿಗೆ ನ್ಯಾನೋಸೆಕೆಂಡ್ ಜಾರಿದ್ರೆ ಒಂಬತ್ತು ರೇಡಿಯನ್, ಆಟ ಮುಗೀತು. ರುಬಿಡಿಯಂ ಪರಮಾಣು ಗಡಿಯಾರ ಇದ್ರೆ 30 ಸೆಕೆಂಡಿನಿಂದ ನೂರರ ತನಕ ಎಳೀಬಹುದು, ಹಳೆಯ ಮೊಬೈಲ್ ಗೋಪುರಗಳಿಂದ ಬಿಚ್ಚಿದ ರುಬಿಡಿಯಂ ಪೆಟ್ಟಿಗೆಗಳು ಮಾರಾಟಕ್ಕೆ ಬರ್ತವೆ. ದೊಡ್ಡ ದೂರದರ್ಶಕಗಳಲ್ಲಿರೋದು ಹೈಡ್ರೋಜನ್ ಮೇಸರ್ ಗಡಿಯಾರ, ಅದು ನಮ್ಮ ಮಾತಲ್ಲ.

ಇದು ಲಯದ ವಿಷಯ. ಹೊತ್ತಿನ ವಿಷಯ ಬೇರೆ. ಎನ್‌ಟಿಪಿಯಲ್ಲಿ (ಇಂಟರ್‌ನೆಟ್‌ನಿಂದ ಹೊತ್ತು ಪಡೆಯುವ ವಿಧಾನ) ಕಂಪ್ಯೂಟರ್ ಗಡಿಯಾರ ಕೆಲವು ಮಿಲಿಸೆಕೆಂಡ್ ತಪ್ಪಿರ್ತದೆ, 20 ಮೆಗಾಹರ್ಟ್ಸ್‌ನಲ್ಲಿ 1 ಮಿಲಿಸೆಕೆಂಡ್ ಅಂದ್ರೆ 20,000 ಮಾದರಿ. ಅಷ್ಟು ಅಗಲದಲ್ಲಿ ಫ್ರಿಂಜ್ ಹುಡುಕೋದಂದ್ರೆ ಹುಲ್ಲುಬಣವೆಯಲ್ಲಿ ಸೂಜಿ. ಜಿಪಿಎಸ್‌ನ ಸೆಕೆಂಡಿನ ಮಿಡಿತ 50ರಿಂದ 100 ನ್ಯಾನೋಸೆಕೆಂಡ್ ಒಳಗೆ ಕೂರ್ತದೆ, ಅಂದ್ರೆ ಒಂದೆರಡು ಮಾದರಿ. ಆ ಮಿಡಿತವನ್ನು ಕಂಪ್ಯೂಟರಿಗೆ ಕೊಟ್ರೆ ಸಾಲದು, ಸಂಕೇತದೊಳಗೇ ಗುರುತು ಬೀಳಬೇಕು. ಪ್ರತಿ ಸೆಕೆಂಡ್ ಎಲ್‌ಎನ್‌ಎ (ಕಡಿಮೆ ಗದ್ದಲದ ವರ್ಧಕ) ಬಾಯಿಗೆ ಕಪ್ಲರ್ ಮೂಲಕ ಒಂದು ಸಣ್ಣ ಮಿಡಿತ ಚುಚ್ಚಿ. ದತ್ತಾಂಶದಲ್ಲಿ ಅದು ಎಷ್ಟನೇ ಮಾದರಿಯಲ್ಲಿ ಬಿತ್ತು ಅಂತ ನೋಡಿದ್ರೆ ಯುಎಸ್‌ಬಿ ಎಲ್ಲೆಲ್ಲಿ ಮಾದರಿ ನುಂಗಿದೆ ಅನ್ನೋದೂ ಬಯಲಾಗ್ತದೆ. ಎರಡು ಗುರುತಿನ ನಡುವೆ ಸರಿಯಾಗಿ 2,00,00,000 ಮಾದರಿ ಇರ್ಬೇಕು. 1,99,86,000 ಬಂತೋ, ಲ್ಯಾಪ್‌ಟಾಪ್ ಸಾಕಾಗ್ಲಿಲ್ಲ ಅಂತ ಅರ್ಥ.

ಅಡಿಕೆ_ಕೊನೆ | 12:33

ಫೈಬರಿನಲ್ಲೇ ಗಡಿಯಾರವನ್ನೂ ಕಳಿಸಬಹುದಂತಲ್ಲ? ವೈಟ್ ರ‍್ಯಾಬಿಟ್ ಅಂತ ಎಲ್ಲೋ ಓದಿದ ನೆನಪು.

ಆಗುಂಬೆ_ಜಡಿಮಳೆ | 12:40

ಕಳಿಸಬಹುದು. ಸರ್ನ್‌ನಲ್ಲಿ ಹುಟ್ಟಿದ ವಿದ್ಯೆ, ನ್ಯಾನೋಸೆಕೆಂಡಿಗಿಂತ ಕಡಿಮೆ ತಪ್ಪು. ಆದ್ರೆ ಅದಕ್ಕೆ ಎರಡೂ ತುದಿ ನಮ್ಮ ಕೈಲಿರುವ ಫೈಬರ್ ಬೇಕು, ನಡುವೆ ಬೇರೆಯವರ ಸ್ವಿಚ್ ಇರಬಾರದು. ಮನೆ ಸಂಪರ್ಕದಲ್ಲಿ ಆಗೋದಿಲ್ಲ.

ಲಿಂಗನಮಕ್ಕಿ_ನೀರು | 14:02

ಸ್ವಲ್ಪ ಬೇರೆ ಮಾತು. ರೇಡಿಯೋ ಖಗೋಳ ನಮ್ಮ ಕಡೆಗೆ ಹೊಸದಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ 3 ಅನ್ನುವ ಆಂಟೆನಾವನ್ನು 2020ರ ಆರಂಭದಲ್ಲಿ ಶರಾವತಿ ಹಿನ್ನೀರಿನಲ್ಲೇ ತೇಲಿಸಿದ್ರು. ಶಿವಮೊಗ್ಗ ಜಿಲ್ಲೆಯನ್ನು ಯಾಕೆ ಆರಿಸಿದ್ರು ಅಂದ್ರೆ ಇಲ್ಲಿ ಗದ್ದಲ ಕಡಿಮೆ. ಇದೂ ಈ ಜಾಲಕ್ಕೆ ಸೇರ್ತದಾ?

ಮಂಡಗದ್ದೆ_ಹಕ್ಕಿ | 14:20

ಸೇರೋದಿಲ್ಲ, ಅದರ ದಾರಿಯೇ ಬೇರೆ. ಅದು ಒಂಟಿ ಆಂಟೆನಾ. ಮೊದಲ ನಕ್ಷತ್ರಗಳ ಕಾಲದ ಜಲಜನಕದ ಗೆರೆ ಹಿಗ್ಗಿ 100 ಮೆಗಾಹರ್ಟ್ಸ್‌ಗೂ ಕೆಳಗೆ ಬಂದಿರ್ತದೆ, ಅದು ಇಡೀ ಆಕಾಶದಲ್ಲಿ ಒಂದೇ ಸಮ ಹರಡಿರ್ತದೆ. ಇಂಟರ್‌ಫೆರೋಮೀಟರಿಗೆ ಅಂಥದ್ದು ಕಾಣೋದೇ ಇಲ್ಲ, ಮೇಲೆ ಸೂರ್ಯನ ಬಗ್ಗೆ ಹೇಳಿದ ಕಾರಣಕ್ಕೇ. ಗದ್ದಲ ಕಡಿಮೆ ಅನ್ನೋದು ಒಂದು ಕಾರಣ. ನೀರಿನ ಮೇಲೆ ಯಾಕೆ ಇಟ್ರು ಅನ್ನೋದು ಅದಕ್ಕಿಂತ ಸೊಗಸು: ನೆಲದಡಿ ಮಣ್ಣು, ಜಂಬಿಟ್ಟಿಗೆ ಕಲ್ಲು, ಬಂಡೆ ಅಂತ ಪದರ ಪದರ ಇರ್ತದೆ. ಒಂದೊಂದು ಪದರವೂ ಒಂದಿಷ್ಟು ಸಂಕೇತವನ್ನು ವಾಪಸ್ ಕಳಿಸಿ ಅಳತೆಯಲ್ಲಿ ಅಲೆ ಎಬ್ಬಿಸ್ತದೆ. ಆಳದ ನೀರು ಒಂದೇ ಸಮ. 2018ರಲ್ಲಿ ಎಡ್ಜಸ್ ಅನ್ನುವ ಇನ್ನೊಂದು ತಂಡ ಇದೇ ಗೆರೆಯನ್ನು 78 ಮೆಗಾಹರ್ಟ್ಸ್‌ನಲ್ಲಿ ಕಂಡೆವು ಅಂದದ್ದನ್ನು ಸಾರಸ್ 3 ತಂಡ 2022ರಲ್ಲಿ 95.3% ಖಚಿತತೆಯಲ್ಲಿ ತಳ್ಳಿಹಾಕಿತು. ಹಿನ್ನೀರಿನಲ್ಲಿ ಆದದ್ದು ಇಂಥ ದೊಡ್ಡ ಕೆಲಸ.

ಸಕ್ರೆಬೈಲು_ದಾರಿ | 14:31

ಇಲ್ಲೇ ನನ್ನ ವಾದ ಬರ್ತದೆ. ಮಲೆನಾಡಿನ ಈ ಮೌನವನ್ನು ಉಳಿಸಿಕೊಂಡೇ ಊರಿಗೆ ಇಂಟರ್‌ನೆಟ್ ಕೊಡೋದಕ್ಕೆ ಫೈಬರ್ ಒಂದೇ ದಾರಿ. ಗೋಪುರ ಹಾಕಿದ್ರೆ ಗದ್ದಲ, ಫೈಬರ್ ಹೂತ್ರೆ ಬರೀ ಬೆಳಕು.

ಫೈಬರ್_ಮೇಷ್ಟ್ರು | 14:38

ಹೂತ ಫೈಬರ್ ಮೌನ, ಸರಿ. ಎರಡು ತುದಿಯ ಡಬ್ಬ ಮೌನ ಅಲ್ಲ. ಓಎನ್‌ಟಿ (ಮನೆಯ ಫೈಬರ್ ಪೆಟ್ಟಿಗೆ), ವೈಫೈ, ಅಡಾಪ್ಟರ್ ಎಲ್ಲವೂ ಕಿರುಚ್ತವೆ. ವೈಫೈ ಆರಿಸಿ, ಡಬ್ಬವನ್ನು ಡಿಶ್ಶಿನಿಂದ 20 ಮೀಟರ್ ಆಚೆ ಲೋಹದ ಪೆಟ್ಟಿಗೆಯಲ್ಲಿಡಿ, ತಂತಿಗೆ ಫೆರೈಟ್ ಮಣಿ ಹಾಕಿ. ಓಎನ್‌ಟಿ 12 ವೋಲ್ಟಿನದ್ದಾದ್ರೆ ಬ್ಯಾಟರಿಯಿಂದಲೇ ನೇರ ಓಡ್ಲಿ, ಅಗ್ಗದ ಇನ್ವರ್ಟರ್ ಹತ್ತಿರ ಬೇಡ. ಕರೆಂಟ್ ಹೋದಾಗ್ಲೂ ವೀಕ್ಷಣೆ ನಿಲ್ಲೋದಿಲ್ಲ.

ಜೋಗದ_ಸಿರಿ | 14:45

ಹೂತ ಫೈಬರ್ ಎಲ್ಲಿದೆ ಇಲ್ಲಿ? ಎಲ್ಲಾ ಕರೆಂಟ್ ಕಂಬದ ಮೇಲೇ ನೇತಾಡೋದು. ಆಷಾಢದ ಗಾಳಿಗೆ ಒಂದು ಕೊಂಬೆ ಬಿದ್ರೆ ಮೂರು ದಿನ ಕತ್ತಲೆ. ರಸ್ತೆ ಅಗಲ ಮಾಡೋಕೆ ಜೆಸಿಬಿ ಬಂದ್ರೆ ಹೂತದ್ದೂ ಹೋಗ್ತದೆ. ಅದಕ್ಕೇ ಹೇಳಿದ್ದು ಡಿಸ್ಕ್ ಅಂತ.

ಫೈಬರ್_ಮೇಷ್ಟ್ರು | 15:10

ತುಂಡಾದ್ರೆ ಪೂರ್ತಿ ಹೋಯ್ತು ಅಂತ ಗೊತ್ತಾಗ್ತದೆ, ಕೆಂಪು ದೀಪ ಮಿನುಗ್ತದೆ, ಬಂದು ಬೆಸೀತಾರೆ. ಮಳೆಗಾಲದಲ್ಲಿ ಅದಕ್ಕಿಂತ ಕೆಟ್ಟದ್ದು ಅರ್ಧ ಕೆಟ್ಟ ಲೈನು. ಜಾಯಿಂಟ್ ಡಬ್ಬಕ್ಕೆ ನೀರಿಳಿದು, ಇಲ್ಲವೇ ಕಂಬದಲ್ಲಿ ಸುರುಳಿ ತೀರಾ ಬಿಗಿಯಾಗಿ ಬಾಗಿ, ಬೆಳಕು ಕ್ಷೀಣ ಆಗ್ತದೆ. ವಾಟ್ಸ್ಯಾಪ್ ಓಡ್ತಾ ಇರ್ತದೆ, ಮನೆಯವರಿಗೆ ಗೊತ್ತೇ ಆಗೋದಿಲ್ಲ, ನಿಮ್ಮ 80 ಎಂಬಿಪಿಎಸ್ ಹರಿವಿನಲ್ಲಿ ಮಾತ್ರ ತೂತು ತೂತು. ಓಎನ್‌ಟಿಯ ಪುಟದಲ್ಲಿ ಸ್ವೀಕೃತ ಬೆಳಕಿನ ಅಂಕಿ ಇರ್ತದೆ. ಮೈನಸ್ 20 ಡಿಬಿಎಂ ಆಸುಪಾಸು ಇದ್ರೆ ಆರೋಗ್ಯ. ಮೈನಸ್ 27 ಅಂದ್ರೆ ಅಂಚು. ಗಾಜು ಸ್ವತಃ ನುಂಗೋದು ಕಿಲೋಮೀಟರಿಗೆ 0.35 ಡಿಬಿಯಷ್ಟೇ, 32ಕ್ಕೆ ಒಡೆಯುವ ಸ್ಪ್ಲಿಟರ್ ಒಂದೇ 17 ಡಿಬಿ ತಿಂತದೆ. ಒಳ್ಳೆಯ ಬೆಸುಗೆ 0.1ರೊಳಗೆ. ವೀಕ್ಷಣೆಗೆ ಮೊದಲು ಈ ಅಂಕಿ ಪುಸ್ತಕದಲ್ಲಿ ಬರೆದಿಡೋದು ಅಭ್ಯಾಸ ಆಗ್ಲಿ, ಒಂದು ವಾರದಲ್ಲಿ 3 ಡಿಬಿ ಇಳಿದ್ರೆ ದೂರು ಕೊಡಿ.

ಎನ್‌ಕೆಎನ್, ಅಂದ್ರೆ ರಾಷ್ಟ್ರೀಯ ಜ್ಞಾನ ಜಾಲ ಇರುವ ವಿದ್ಯಾಸಂಸ್ಥೆ ಹತ್ತಿರದಲ್ಲಿದ್ರೆ ಒಂದು ತುದಿಯನ್ನಾದ್ರೂ ಅಲ್ಲಿಡಲು ಅನುಮತಿ ಕೇಳಿ. ಅಪ್‌ಲೋಡಿನ ತಲೆನೋವು ಅರ್ಧ ತಪ್ತದೆ.

ಬಸವನಗುಡಿ_ಅಳಿಯ | 15:34

ಇಷ್ಟೆಲ್ಲ ಖರ್ಚಿನಿಂದ ಊರಿಗೆ ಏನು ಬರ್ತದೆ ಅಂತ ಯಾರೂ ಕೇಳ್ತಾ ಇಲ್ಲ. ಎಸ್‌ಕೆಎ ಅನ್ನುವ ಅಂತರರಾಷ್ಟ್ರೀಯ ರೇಡಿಯೋ ದೂರದರ್ಶಕಕ್ಕೆ ಭಾರತ 1,250 ಕೋಟಿ ಕೊಡ್ತಾ ಇದೆಯಂತೆ. ದೂರದರ್ಶಕ ಇರೋದು ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದಲ್ಲಿ. ನಮಗೆಂತ ಲಾಭ?

ಸಕ್ರೆಬೈಲು_ದಾರಿ | 15:58

ಆ ದುಡ್ಡಲ್ಲಿ ಹೆಚ್ಚಿನದ್ದು ಇಲ್ಲೇ ಕೆಲಸವಾಗ್ತದೆ. ಇಂಥ ಯೋಜನೆಗಳಲ್ಲಿ ದೇಶಗಳು ಬರೀ ನಗದು ಕೊಡೋದಿಲ್ಲ, ಯಂತ್ರ, ತಂತ್ರಾಂಶ ಮಾಡಿ ಕೊಡ್ತವೆ. ಎಸ್‌ಕೆಎಯ ನಿಯಂತ್ರಣ ತಂತ್ರಾಂಶದಲ್ಲಿ ಪುಣೆಯ ರೇಡಿಯೋ ಖಗೋಳ ಸಂಸ್ಥೆ ಎನ್‌ಸಿಆರ್‌ಎ ಮುಂದಾಳು. ಅವರಿಗೆ ಆ ಕೈ ಕುದುರಿದ್ದು ನಾರಾಯಣಗಾಂವ್ ಹತ್ತಿರದ ಜಿಎಂಆರ್‌ಟಿಯಿಂದ: 45 ಮೀಟರಿನ 30 ಡಿಶ್, 25 ಕಿ.ಮೀ. ಹರಹು, ಎಲ್ಲವೂ ಫೈಬರಿನಲ್ಲೇ ಒಂದು ಕಟ್ಟಡಕ್ಕೆ ಬರ್ತವೆ. ಎಸ್‌ಕೆಎಯಲ್ಲಿ ಆಫ್ರಿಕಾದಲ್ಲಿ 197 ಡಿಶ್, ಆಸ್ಟ್ರೇಲಿಯಾದಲ್ಲಿ 1,31,072 ಸಣ್ಣ ಆಂಟೆನಾ. ಅದರ ದತ್ತಾಂಶ ಹಂಚಿಕೊಳ್ಳುವ ಪ್ರಾದೇಶಿಕ ಕೇಂದ್ರ ನಮ್ಮಲ್ಲೂ ಬಂದ್ರೆ, ಸಾಗರದ ಕಾಲೇಜಿನ ಹುಡುಗಿಯೊಬ್ಬಳು ಕೂತಲ್ಲಿಂದಲೇ ಅದನ್ನು ತೆರೆದು ನೋಡಬಹುದು. ಅವಳಿಗೆ ಫ್ರಿಂಜ್ ಅಂದ್ರೆ ಎಂತ ಅಂತ ಕೈಯಾರೆ ಗೊತ್ತಿರಬೇಕಾದ್ರೆ ತುಂಗಾತೀರ ಅವರು ಮಾಡ್ತಿರುವ ಕೆಲಸವೇ ಬೇಕು.

ಬಸವನಗುಡಿ_ಅಳಿಯ | 16:04

ಹಾಗಾದ್ರೆ ಸರಿ. ಕೆಲಸ ಇಲ್ಲಿ ಆಗೋದು ಅಂತ ಗೊತ್ತಿರ್ಲಿಲ್ಲ.

ತುಂಗಾತೀರ | 17:30

ಎಲ್ಲರಿಗೂ ಉಪಕಾರ. ಯೋಜನೆ ತಿರುಗಿ ಬರೆದಾಯ್ತು. ಮೊದಲು ಶಿವಮೊಗ್ಗದ ಮೈದಾನದಲ್ಲೇ 10 ಮೀಟರಿಗೆ ಎರಡು ಡಿಶ್, ಒಂದೇ ಗಡಿಯಾರ, ಸೂರ್ಯ. ಆಮೇಲೆ ಅದೇ ಮೈದಾನದಲ್ಲಿ ಬೇರೆ ಬೇರೆ ಗಡಿಯಾರ. ಮೂರನೆಯದಾಗಿ ಸಾಗರ. ಅಲ್ಲಿ 3ಸಿ 273ಕ್ಕೆ ನೇರ ಜಿಗಿಯೋದು ಕಷ್ಟ ಅನ್ನಿಸ್ತಾ ಇದೆ. ನಡುವೆ ಇನ್ನೊಂದು ಮೆಟ್ಟಿಲು ಇದೆಯಾ?

ಕೊಡಚಾದ್ರಿ_ನೆತ್ತಿ | 17:52

ಇದೆ. ಜಿಪಿಎಸ್ ಉಪಗ್ರಹವನ್ನೇ ನೋಡಿ. 1575.42 ಮೆಗಾಹರ್ಟ್ಸ್, ಮುಖ್ಯ ಹಾಲೆ 2 ಮೆಗಾಹರ್ಟ್ಸ್ ಅಗಲ, ಚುಕ್ಕೆಯಂಥ ಮೂಲ, ಡಿಶ್ಶೇ ಬೇಡ, ಅಂಗೈಯಗಲದ ಆಂಟೆನಾ ಸಾಕು. ಫೈಬರ್, ಗಡಿಯಾರ, ಪ್ಯಾಕೆಟ್ ಸಂಖ್ಯೆ, ತಾಳೆ ಹಾಕುವ ತಂತ್ರಾಂಶ, ಎಲ್ಲದರ ಪರೀಕ್ಷೆ ಅದರಲ್ಲೇ ಆಗ್ತದೆ. 2 ಬಿಟ್‌ನಲ್ಲಿ 9.6 ಎಂಬಿಪಿಎಸ್ ಅಷ್ಟೇ, ಸಂಜೆಯ ಹೊತ್ತಲ್ಲೂ ಹರೀತದೆ.

ಎರಡು ಎಚ್ಚರಿಕೆ. ಬೇರೆ ಬೇರೆ ಉಪಗ್ರಹ ಒಟ್ಟಿಗೆ ಬರೋದ್ರಿಂದ ತಾಳೆಯಲ್ಲಿ ನಾಲ್ಕೈದು ಶಿಖರ ಕಾಣ್ತವೆ, ಒಂದೇ ಇರ್ಬೇಕಿತ್ತಲ್ಲ ಅಂತ ಗಾಬರಿ ಬೇಡ. ಇನ್ನೊಂದು, ಉಪಗ್ರಹ ಓಡ್ತಾ ಇರ್ತದೆ. 64 ಕಿ.ಮೀ.ಗೆ ಸೆಕೆಂಡಿಗೆ ಹತ್ತಾರು ಫ್ರಿಂಜ್ ಸರಿದುಹೋಗ್ತವೆ. ಕ್ವೇಸಾರ್ ಆದ್ರೂ ಭೂಮಿ ತಿರುಗೋದಕ್ಕೇ ಸೆಕೆಂಡಿಗೆ 20ರಷ್ಟು. ಈ ಓಟವನ್ನು ಲೆಕ್ಕ ಹಾಕಿ ಕಳೆದ ಮೇಲೇ ಕೂಡಿಸಬೇಕು. ಕಳೆಯದೆ ಒಂದು ಸೆಕೆಂಡ್ ಕೂಡಿಸಿದ್ರೂ ಸೊನ್ನೆ. ಎರಡು ಊರಿನ ನಡುವಿನ ಹೊತ್ತಿನ ವ್ಯತ್ಯಾಸ ಎಷ್ಟೇ ಆದ್ರೂ 213 ಮೈಕ್ರೋಸೆಕೆಂಡ್ ಮೀರೋದಿಲ್ಲ, ಅದರಾಚೆ ಶಿಖರ ಕಂಡ್ರೆ ಅದು ಗಡಿಯಾರದ ತಪ್ಪು, ಆಕಾಶದ್ದಲ್ಲ.

ಆಗುಂಬೆ_ಜಡಿಮಳೆ | 18:05

ಸಾಗರದಲ್ಲಿ ಡಿಶ್ ಇಡುವ ಜಾಗ ನೋಡುವಾಗ ದಿಗಂತ ನೋಡಿ. ಗುಡ್ಡ, ಅಡಿಕೆ ತೋಟ ಡಿಶ್ಶಿನ ಕಣ್ಣಿಗೆ ಬಿದ್ರೆ ಅವು 290 ಕೆಲ್ವಿನ್‌ನ ಗದ್ದಲ ಸುರೀತವೆ, ನಿಮ್ಮ 120 ಕೆಲ್ವಿನ್ ಲೆಕ್ಕ ಕೈತಪ್ತದೆ. ಮಳೆ 1420ರ ಸಂಕೇತವನ್ನು ತಡೆಯೋದಿಲ್ಲ, ಕನೆಕ್ಟರ್ ಒಳಗೆ ಹೋದ ಮಳೆ ತಡೀತದೆ. ಎಲ್‌ಎನ್‌ಎ ಫೀಡ್ ಬುಡದಲ್ಲೇ ಇರ್ಲಿ, ಆರ್‌ಜಿ-6 ಕೇಬಲ್ 10 ಮೀಟರಿಗೆ ಎರಡೂವರೆ ಡಿಬಿ ನುಂಗ್ತದೆ. ಕನೆಕ್ಟರಿಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ನೀರು ಮಡಿಕೆಯೊಳಗೆ ಇಳಿಯದ ಹಾಗೆ. ಅದರ ಮೇಲೆ ಬಿಸಿಲು ತಡೆಯೋದಕ್ಕೆ ಒಂದು ಸುತ್ತು ಮಾಮೂಲಿ ಟೇಪ್. ಕೇಬಲ್ ಪೆಟ್ಟಿಗೆಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ತುಂಗಾತೀರ | 18:20

ಬರ್ಕೊಂಡೆ. ಜಿಪಿಎಸ್ ಆಂಟೆನಾ ಎರಡು ಇವತ್ತೇ ತರಿಸ್ತೇವೆ. ಡಿಶ್ ಕೆಲಸ ಮಳೆ ಬಿಟ್ಟ ಮೇಲೆ.

ಜೋಗದ_ಸಿರಿ | 18:24

ಜೊತೆಗೆ ಒಂದು 4 ಟಿಬಿ ಡಿಸ್ಕೂ ಇರ್ಲಿ. ಲೈನ್ ಕೈಕೊಟ್ಟ ರಾತ್ರಿ ಅದರಲ್ಲಿ ಬರೆದುಕೊಳ್ಳಿ.

ಫೈಬರ್_ಮೇಷ್ಟ್ರು | 18:27

ಅದನ್ನು ಒಪ್ತೇನೆ. ಹರಿವೂ ಆಗ್ಲಿ, ಅದೇ ಹೊತ್ತಿಗೆ ಡಿಸ್ಕಿಗೂ ಬೀಳ್ಲಿ. ಗಂಟೆಗೆ 36 ಜಿಬಿ ಅಂದ್ರೆ 4 ಟಿಬಿಯಲ್ಲಿ ನೂರು ಗಂಟೆಗೂ ಮೇಲೆ ಹಿಡೀತದೆ.